ಚುಕ್ಕೆ ಒರೆಸಿದ ಸೆರ್ವೇಗೆ

(ಲಿಯೇಜ್, ಬೆಲ್ಜಿಯಂ, ೧೮೮೭ರ ಚಳಿಗಾಲ)

ಧೂಳಲ್ಲ ಅದು, ಸೆರ್ವೇ.
ನಿನ್ನ ಕೈ ಚೊಕ್ಕಟ, ಅಚ್ಚುಕೂಟದಲ್ಲೆಲ್ಲ ಹೆಸರು.
ಕಲ್ಲಿನ ಮೇಲೆ ಸಾಸಿವೆಯಷ್ಟು ಕಪ್ಪು ಕಂಡರೂ
ಕೆರೆದು ತೆಗೆದೇ ಊಟಕ್ಕೆ ಏಳುವವನು.
ಹಾಗೆಯೇ ತೆಗೆದೆ
ಹದಿನೇಳನೆಯ ಪಟದ ಅಂಚಿನಿಂದ
ನನ್ನ ಹನ್ನೊಂದು ದಿನ.

ಕೂತುಕೋ. ಮೊದಲಿಂದ ಹೇಳುತ್ತೇನೆ.

ಕಲ್ಲಿದ್ದಲ ಗಣಿಯೊಳಗೆ ಒಂಬತ್ತು ವರ್ಷ ಬಂಡಿ ಎಳೆದ ಕುದುರೆ
ಮೇಲೆ ಬಂದದ್ದು ಒಂದೇ ಸಲ, ಕಸಾಯಿಖಾನೆಗೆ.
ಬಿಸಿಲಿಗೆ ಕಣ್ಣು ಬಿಡಲಾರದೆ ನಿಂತಿತ್ತಂತೆ.
ಅದರ ಕರುಳಿಂದ ತೂಸೇನ್
ಗೇಣುದ್ದದ ಹುಳುಗಳನ್ನು ಬಕೆಟ್ಟಿಗೆ ಬಿಟ್ಟುಕೊಟ್ಟ,
ಇಗರ್ಜಿಯ ಮೇಣದಬತ್ತಿಯ ಬಣ್ಣ.
ಪ್ರೊಫೆಸರರಿಗೆ ಹುಳು ಬೇಡ, ಹುಳದೊಳಗಿನ ಮೊಟ್ಟೆ ಬೇಕು.
ಒಂದೊಂದರಲ್ಲಿ ಲಕ್ಷ ಲಕ್ಷ,
ಸಾರಾಯಿಯಲ್ಲಿ ಮುಳುಗಿಸಿಟ್ಟರೂ ಸುಲಭಕ್ಕೆ ಸಾಯದೆ
ತಮ್ಮ ಪಾಡಿಗೆ ತಮ್ಮ ಕೆಲಸ ಮಾಡುತ್ತಿರುವಂಥವು.

ನಾನು ನೋಡಿದ್ದು ಆ ಕೆಲಸ.
ಒಂದು ಕಣ್ಣು ಕೊಳವೆಗೆ, ಒಂದು ಕಣ್ಣು ಕಾಗದಕ್ಕೆ,
ಮ್ಯೂಸ್ ನದಿಯ ಮಂಜು ಕಿಟಕಿಯ ಬೆಳಕನ್ನು ತಿಂದುಹಾಕುವ ಮೊದಲು.

ಬಣ್ಣ ಹಾಕಿದರೆ ಹೀರಿಕೊಂಡು ಎದ್ದು ಕಾಣುವ ತಂತು.
ಕಡ್ಡಿ ಅನ್ನುತ್ತಾರೆ ಒಬ್ಬರು, ಕುಣಿಕೆ ಅನ್ನುತ್ತಾರೆ ಇನ್ನೊಬ್ಬರು,
ನಾಮಕರಣ ಇನ್ನೂ ಆಗಿಲ್ಲ.
ಈ ಹುಳಕ್ಕೆ ಅವು ನಾಲ್ಕೇ ನಾಲ್ಕು.
ಕುದುರೆಗೆಷ್ಟೋ, ನಿನಗೆಷ್ಟೋ, ಯಾರಿಗೆ ಗೊತ್ತು.

ಮೊಟ್ಟೆ ಬಲಿಯುವ ಹೊತ್ತಿಗೆ ನಾಲ್ಕೂ ಇಮ್ಮಡಿಸಿ ಎಂಟು,
ನಾಲ್ಕು ನಾಲ್ಕರ ಎರಡು ಕಂತೆ, ಕಟ್ಟಿಗೆ ಹೊರೆಯ ಹಾಗೆ.
ಗಂಡು ಆಗಲೇ ಒಳಗೆ ಬಂದು ಕೂತಿದೆ,
ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು
ಹೆಣ್ಣು ನೋಡಲು ಬಂದವನ ಹಾಗೆ.
ಮನೆಯವಳಿಗೆ ಇನ್ನೂ ಪುರುಸೊತ್ತಿಲ್ಲ.
ಪಾಲು ಮಾಡುತ್ತಿದ್ದಾಳೆ.

ಎಂಟರಲ್ಲಿ ನಾಲ್ಕನ್ನು ಗೋಡೆಯ ಬಳಿಗೆ ಒಯ್ದು
ಚಿಕ್ಕದೊಂದು ಗಂಟು ಕಟ್ಟಿ ಆಚೆ ಇಟ್ಟಳು.
ಉಳಿದದ್ದು ನಾಲ್ಕು.
ಸರಿಹೋಯಿತಲ್ಲ ಅಂದುಕೊಂಡು ಪೆನ್ಸಿಲ್ ಕೆಳಗಿಟ್ಟೆ.
ಇಲ್ಲ, ಮತ್ತೆ ಎದ್ದಳು.
ನಾಲ್ಕರಲ್ಲಿ ಎರಡು. ಮತ್ತೊಂದು ಗಂಟು.
ಆಮೇಲೆ, ಕೈ ಒರೆಸಿಕೊಂಡು ಬಂದು ಕೇಳಿದಂತಿತ್ತು:
ನನ್ನ ಹತ್ತಿರ ಎರಡಿದೆ. ನಿನ್ನ ಹತ್ತಿರ?

ಅವನ ಹತ್ತಿರವೂ ಎರಡು.

ಕೂಡುವ ಮೊದಲು ಇಬ್ಬರೂ ಕಳೆಯದಿದ್ದರೆ, ಸೆರ್ವೇ,
ಮಗಳಿಗೆ ಎಂಟು, ಮೊಮ್ಮಗಳಿಗೆ ಹದಿನಾರು,
ಮುಂದೆ ಎಂದೋ ಒಂದು ದಿನ
ಮೊಟ್ಟೆಯೊಳಗೆ ಹಳದಿಗೆ ಜಾಗವೇ ಇಲ್ಲ,
ಬರೀ ವಂಶಾವಳಿ.

ನೀನು ಒರೆಸಿದ್ದು ಆ ಎರಡನೆಯ ಗಂಟನ್ನು.

ಒಳಗುಳಿದದ್ದಕ್ಕೆಷ್ಟೋ ಅದಕ್ಕೂ ಅಷ್ಟೇ: ಎರಡಕ್ಕೆ ಎರಡು.
ಎಣಿಕೆಯಲ್ಲಿ ಒಂದು ಕೂದಲಿನಷ್ಟೂ ಮೋಸವಿಲ್ಲ.
ಊಟದ ಪಾಲಿನಲ್ಲಿ ಮಾತ್ರ
ಹಳದಿಯೆಲ್ಲ ಒಳಗಿನವಳಿಗೆ.
ಹೊರಗಿನವಳು ಸಿಪ್ಪೆಗೆ ಬೆನ್ನು ಒತ್ತಿಕೊಂಡು ಕೆಲವು ಕಾಲ ಇರುತ್ತಾಳೆ,
ಆಮೇಲೆ ಹುಡುಕಿದರೂ ಸಿಗುವುದಿಲ್ಲ.

ಅಪ್ಪನ ಬೇಕರಿ ಅಕ್ಕ ಲೆಯೊಕಾದಿಗೆ ಹೋಯಿತು,
ಒಲೆ, ತಕ್ಕಡಿ, ಮೇಲಿನ ಎರಡು ಕೋಣೆ ಸಮೇತ.
ನನಗೆ ಬಂದದ್ದು ಅವನ ಎಡಗೈ.
ಅದನ್ನೇನೂ ನಾನು ಇಲ್ಲಿ ಎತ್ತುತ್ತಿಲ್ಲ.
ಭಾನುವಾರ ಅವಳು ಬ್ರೆಡ್ಡು ಕಳಿಸುತ್ತಾಳೆ.

ನಾಳೆ ಮುನ್ನೂರು ಪ್ರತಿ ತೆಗೆಯಬೇಕು, ಗೊತ್ತು.
ಪ್ರೊಫೆಸರರೂ ಅಂದರು: ಹೋಗಲಿ ಬಿಡಿ ಹುಬರ್ಟೀನ್,
ಓದುವವರಿಗೆ ಅಂದಾಜಾಗುತ್ತದೆ.
ಅಂದಾಜಾಗುವುದಿಲ್ಲ.
ಎಂಟು ಎಲ್ಲಿ ಹೋಯಿತು ಅಂತ
ಮುನ್ನೂರರಲ್ಲಿ ಒಬ್ಬನಾದರೂ ಬೆರಳು ಮಡಿಸಿಯಾನು;
ನಾಲ್ಕು ಆಚೆ, ಎರಡು ಒಳಗೆ,
ಇನ್ನೆರಡು ನಿನ್ನ ಬಟ್ಟೆಯಲ್ಲಿ.

ಆ ಮೂಲೆ ಉಜ್ಜಿ ಕೊಡು. ಎಣ್ಣೆ ಬಳಪ, ಚೂಪಾದದ್ದು.
ದೀಪ ಇನ್ನಷ್ಟು ಹತ್ತಿರ ತಾ.
ಅಚ್ಚಿನಲ್ಲಿ ಬಲಕ್ಕೆ ಬರಬೇಕಾದರೆ ಕಲ್ಲಿನಲ್ಲಿ ಎಡಕ್ಕೆ, ಅಲ್ಲವೇ,
ನನ್ನ ಕೈಗೆ ಅನುಕೂಲವೇ ಆಯಿತು.
ಎರಡು ಗೆರೆ. ಸುತ್ತ ಒಂದು ಸೊನ್ನೆ.

ಉಸಿರು ಬಿಡಬೇಡ, ಇನ್ನೂ ಹಸಿ ಇದೆ.
ಅರ್ಧ ಗಂಟೆಯ ಕೂಲಿ ಬಿಲ್ಲಿಗೆ ಸೇರಿಸಿಕೋ,
ಏನಕ್ಕೆ ಅಂತ ಕೇಳಿದರೆ
ಚುಕ್ಕೆ, ಒಂದು, ಅಂತ ಬರೆ.